ಮಂಗ ಸತ್ತ ಬೆಟ್ಟದಲ್ಲಿ ದರಕು ಗುಡಿಸಬಹುದೇ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನಲ್ಲಿ ಘಟ್ಟದ ಅಂಚಿನ ಊರು. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಆರು ದನ. ಕಳೆದ ವಾರ ಬೆಟ್ಟದ ಆಚೆ ಮಗ್ಗುಲಿಗೆ ಒಂದು ಕಪ್ಪು ಮೋರೆಯ ಮುಸ್ಯ ಸತ್ತು ಬಿದ್ದಿತ್ತು. ನಾವು ಯಾರಿಗೂ ಹೇಳಲಿಲ್ಲ. ಮನೆಯವಳೂ ಇಬ್ಬರು ಕೆಲಸದವರೂ ದರಕು (ಉದುರಿದ ಒಣ ಎಲೆ) ಗುಡಿಸಲು ಅದೇ ಬೆಟ್ಟಕ್ಕೆ ಹೋಗುತ್ತಾರೆ. ದನಗಳ ಮೈತುಂಬ ಉಣುಗು. ಮಂಗನ ಕಾಯಿಲೆ ದನಕ್ಕೂ ಬರುತ್ತದೆಯೇ? ಹಾಲಿನಿಂದ ಹರಡುತ್ತದೆಯೇ? ಅಮ್ಮನಿಗೆ 2019ರಲ್ಲಿ ಎರಡು ಚುಚ್ಚುಮದ್ದು ಆಗಿದೆ, ಅದು ಈಗಲೂ ಕಾಯುತ್ತದೆಯೇ? ದರಕು ತರುವುದನ್ನು ಪೂರ್ತಿ ನಿಲ್ಲಿಸಬೇಕೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಅದಕ್ಕೆ ನಾಳೆಯವರೆಗೆ ಕಾಯುವ ಹಾಗಿಲ್ಲ. ಮಂಗನ ಕಾಯಿಲೆ ಉಣುಗು ಕಚ್ಚಿ ಬರುವ ವೈರಸ್ ಜ್ವರ, ಆ ಉಣುಗು ಇರುವುದು ತರಗೆಲೆಯಲ್ಲಿ. ಆ ಬೆಟ್ಟಕ್ಕೆ ಈ ಬೇಸಿಗೆಯಲ್ಲಿ ಇನ್ನು ದರಕಿಗೆ ಹೋಗಬೇಡಿ. ಮಳೆ ಹಿಡಿದು ನೆಲ ನೆನೆಯುವವರೆಗೆ ಸೌದೆಗೂ ಬೇಡ, ಜೇನಿಗೂ ಬೇಡ, ಮುರುಗಲ ಹಣ್ಣಿಗೂ ಬೇಡ. ಇಂದೇ ಗ್ರಾಮ ಪಂಚಾಯಿತಿಗೆ, ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮುಸ್ಯ ಬಿದ್ದ ಜಾಗ ತಿಳಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ವಾರ ಕಳೆದು ಹೆಣ ಕೊಳೆತಿದ್ದರೆ ಅದರಿಂದ ಮಾದರಿ ತೆಗೆದು ಪ್ರಯೋಜನವಿಲ್ಲ, ನಿಜ. ಆದರೂ ಜಾಗ ಗೊತ್ತಾದರೆ ಸುತ್ತ ಮ್ಯಾಲಥಿಯಾನ್ ಪುಡಿ ಹಾಕಬಹುದು, ಅಲ್ಲಿಯ ಉಣುಗು ಹಿಡಿದು ಪರೀಕ್ಷೆಗೆ ಕಳಿಸಬಹುದು, ಊರಿನ ಜ್ವರಗಳ ಮೇಲೆ ಒಂದು ಕಣ್ಣಿಡಬಹುದು. ಮುಂದೆ ಎಲ್ಲಾದರೂ ಸತ್ತ ಮಂಗ ಕಂಡರೆ ಅದೇ ದಿನ ಹೇಳಿ. ಮುಟ್ಟಬೇಡಿ, ಕೋಲಿನಿಂದಲೂ ಹೊರಳಿಸಬೇಡಿ, ನೀವೇ ಹೂಳಬೇಡಿ. ಪಶುವೈದ್ಯರು ಕೈಗವಸು, ಮುಖಗವಸು, ಗಂಬೂಟು ಹಾಕಿಕೊಂಡು ಅಂಗಾಂಗದ ತುಣುಕು ತೆಗೆದು ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಾರೆ, ಉಳಿದದ್ದನ್ನು ಸುಡುತ್ತಾರೆ.

ಮುಸ್ಯ ಸತ್ತಿತು, ಇನ್ನು ಮುಂದೆ ಅಪಾಯ ಬರಬಹುದು ಎಂದು ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಹಿಂದುಮುಂದಾಗಿದೆ. ಮಂಗಕ್ಕೆ ಸೋಂಕು ಹತ್ತಿ, ಜ್ವರ ಬಂದು, ಅದು ಸಾಯುವುದಕ್ಕೆ ಕೆಲವು ದಿನ ಬೇಕು. ಅಂದರೆ ವೈರಸ್ ಹೊತ್ತ ಉಣುಗು ಆ ಬೆಟ್ಟದಲ್ಲಿ ಹೆಣ ಬೀಳುವುದಕ್ಕೆ ಮೊದಲೇ ಇತ್ತು. ಮಂಗ ಅದನ್ನು ಹೊರಗೆಡವಿತು, ಅಷ್ಟೆ. ಹೆಣ ತಣ್ಣಗಾದ ಮೇಲೆ ಅದರ ಮೈಮೇಲಿದ್ದ ಉಣುಗುಗಳೂ ಕಳಚಿ ಅಲ್ಲಿಯೇ ತರಗೆಲೆಗೆ ಇಳಿಯುತ್ತವೆ. ಮೊದಲೇ ಇದ್ದದ್ದರ ಮೇಲೆ ಇದೊಂದು ಸೇರಿಕೆ. ನಿಮ್ಮ ಮನೆಯವರೂ ಕೆಲಸದವರೂ ಕಳೆದ ಹತ್ತು ದಿನ ಅಲ್ಲಿ ಓಡಾಡಿದ್ದಾರೆ ಎಂದರೆ, ಇಂದಿನಿಂದ ಎರಡು ವಾರ ಅವರಲ್ಲಿ ಯಾರಿಗೆ ಜ್ವರ ಬಂದರೂ ಸಾಮಾನ್ಯ ಜ್ವರವೆಂದು ಕೂರಬೇಡಿ.

ಈ ವೈರಸ್ಸಿಗೆ ಹೆಸರು ಕೊಟ್ಟ ಊರು ನಿಮಗೆ ದೂರವೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಅದೇ ಹೊತ್ತಿಗೆ ಸುತ್ತಲ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದನ್ನು ಕಂಡು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂತೇ ಎಂದು ಆಗ ದೊಡ್ಡ ದಿಗಿಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಸೊಳ್ಳೆಯಿಂದ ಬರುವ ಹಳದಿ ಜ್ವರವಲ್ಲ, ಉಣುಗಿನಿಂದ ಬರುವ ಹೊಸದೊಂದು ವೈರಸ್ ಎಂದು ಗೊತ್ತಾಯಿತು. ಹಳದಿ ಜ್ವರ, ಡೆಂಗಿ ಇವೆಲ್ಲ ಇದರ ದೂರದ ದಾಯಾದಿಗಳು. ಹತ್ತಿರದ ನೆಂಟರು ರಷ್ಯಾದ ಕಾಡಿನ ಉಣುಗು ಜ್ವರಗಳು. ಹೆಸರಿನ ಬಗ್ಗೆ ಒಂದು ಮಾತು: ಕೆಲವರು ಇದನ್ನು ‘ಮಂಗನ ಬಾವು’ ಎನ್ನುತ್ತಾರೆ. ಅದು ಬೇರೆ, ಮಕ್ಕಳಿಗೆ ಕೆನ್ನೆಯ ಬುಡ ಊದಿಕೊಳ್ಳುವ ಕಾಯಿಲೆ. ಆಸ್ಪತ್ರೆಯಲ್ಲಿ ಹೇಳುವಾಗ ‘ಮಂಗನ ಕಾಯಿಲೆ’ ಅಥವಾ ‘ಕೆಎಫ್‌ಡಿ’ (ಕ್ಯಾಸನೂರು ಕಾಡಿನ ಕಾಯಿಲೆ) ಎಂದೇ ಹೇಳಿ.

ಉಣುಗನ್ನು ಕೀಟ ಎನ್ನುವುದು ರೂಢಿ, ಆದರೆ ಬೆಳೆದ ಉಣುಗಿಗೆ ಎಂಟು ಕಾಲು, ಅದು ಜೇಡ ಚೇಳುಗಳ ಬಳಗ. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರು ಕಾಲು. ಕಾಲು ಎಣಿಸುವುದರಿಂದ ನಿಮಗೆ ಆಗುವುದೇನೂ ಇಲ್ಲ. ಆದರೆ ಅದರ ವಯಸ್ಸಿನ ಲೆಕ್ಕ ತಿಳಿದಿರಬೇಕು, ಇಡೀ ಕಾಯಿಲೆಯ ಪಂಚಾಂಗ ಅದರಲ್ಲೇ ಇದೆ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹಿಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿ. ಇದು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯಿಂದ. ಮಳೆಗಾಲದಲ್ಲಿ ಬೆಳೆದ ಉಣುಗು ದನ, ಕಡವೆಯಂಥ ದೊಡ್ಡ ಪ್ರಾಣಿಯ ಮೇಲೆ ಹತ್ತುತ್ತದೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಕಡಿಮೆಯಾದ ಮೇಲೆ ಮರಿಗಳು ಹೊರಬಂದು ಇಲಿ, ಸುಂಡಿಲಿ, ಅಳಿಲು, ನೆಲದ ಹಕ್ಕಿ, ಮಂಗ ಇವುಗಳ ರಕ್ತ ಕುಡಿಯುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೂ ಅಂಟುತ್ತದೆ, ಮುಂದೆ ಅದು ಸಾಯುವವರೆಗೂ ಬಿಡುವುದಿಲ್ಲ. ಮರಿ ಪೊರೆ ಕಳಚಿ ಎರಡನೇ ಹಂತಕ್ಕೆ ಬರುತ್ತದೆ. ಈ ಎರಡನೇ ಹಂತದ ಎಳೆ ಉಣುಗೇ ಮನುಷ್ಯನ ಶತ್ರು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಜನವರಿಯಿಂದ ಮಾರ್ಚ್ ಭರ್ತಿ ಕಾಲ.

ನಿಮ್ಮಲ್ಲಿ ಎಲೆ ಉದುರಿ ದರಕು ಗುಡಿಸುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಕಾಯಿಲೆಯ ಮುಕ್ಕಾಲು ಗುಟ್ಟು ಇಲ್ಲಿದೆ. ಮಂಗ ಮರದ ಮೇಲಿದೆ, ಜನರಿಗೆ ಹತ್ತುವ ಉಣುಗು ನೆಲದ ತರಗೆಲೆಯಲ್ಲಿದೆ. ಬಗ್ಗಿ ಗುಡಿಸುವವರು, ತುಳಿದು ಹೆಡಿಗೆಗೆ ತುಂಬುವವರು, ತಲೆಯ ಮೇಲೆ ಹೊರುವವರು ನೇರ ಅದರ ಬಾಯಿಗೇ ಸಿಗುತ್ತಾರೆ. ಆಮೇಲೆ ಅದೇ ದರಕು ಕೊಟ್ಟಿಗೆಗೆ ಬಂದು ಹಾಸಾಗುತ್ತದೆ. ಕಾಡಿಗೆ ಕಾಲಿಡದ ಅಜ್ಜಿ ಮಕ್ಕಳಿಗೂ ಕಾಯಿಲೆ ಬಂದಾಗ ಅಚ್ಚರಿಪಡುವವರು ಮನೆ ಹಿಂದಿನ ದರಕಿನ ರಾಶಿಯ ಕಡೆಗೊಮ್ಮೆ ನೋಡಬೇಕು. ಕರಾವಳಿಗೂ ಈ ಮಾತು ಸಲ್ಲುತ್ತದೆ. 2015ರ ನಂತರ ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆ ಕಾಯಿಲೆ ಕಾಣಿಸಿಕೊಂಡಾಗ ಗೇರು ತೋಟದಲ್ಲಿ ಬೀಜ ಹೆಕ್ಕುವವರು ಅದಕ್ಕೆ ಸಿಕ್ಕಿದರು. ಅಂಕೋಲಾ, ಹೊನ್ನಾವರದ ಗುಡ್ಡಗಳಲ್ಲೂ ಗೇರು ಬೀಜ ಹೆಕ್ಕುವುದು ಬೇಸಿಗೆಯಲ್ಲೇ, ಒಣ ಎಲೆಯ ಮೇಲೇ.

ಆ ಎಳೆ ಉಣುಗು ಎಷ್ಟು ಸಣ್ಣದು ಎಂದರೆ, ಹಸಿದಿರುವಾಗ ಒಂದು ಗಸಗಸೆ ಕಾಳು. ಆರೋಗ್ಯ ಇಲಾಖೆಯವರು ಅದನ್ನು ಹಿಡಿಯುವುದು ಬಿಳಿ ಬಟ್ಟೆಯಿಂದ: ಒಂದೆರಡು ಮೊಳದ ದಪ್ಪ ಬಟ್ಟೆಯನ್ನು ತರಗೆಲೆಯ ಮೇಲೆ ನಿಧಾನ ಎಳೆದುಕೊಂಡು ಹೋಗಿ ಮಗುಚಿ ನೋಡಿದರೆ ಕಂದು ಕಾಳುಗಳು ನಡೆಯತೊಡಗುತ್ತವೆ. ಬಟ್ಟೆ ಬಿಳಿಯಾಗಿರುವುದಕ್ಕೇ ಕಾಣುವುದು. ನೀಲಿ ಲುಂಗಿಯ ಮೇಲೆ, ಕೂದಲಿರುವ ಕಾಲಿನ ಮೇಲೆ ಅದು ಕಾಣುವುದಿಲ್ಲ. ಕಚ್ಚುವಾಗ ನೋವೂ ಇಲ್ಲ, ಜೊಲ್ಲಿನಲ್ಲೇ ಮರಗಟ್ಟಿಸುವ ಅಂಶ ಇರುತ್ತದೆ. ‘ನನಗೆ ಉಣುಗು ಕಚ್ಚೇ ಇಲ್ಲ’ ಎಂಬ ರೋಗಿಯ ಮಾತಿನ ಮೇಲೆ ಯಾರೂ ಭರವಸೆ ಇಡಬಾರದು.

ಇನ್ನು ದನ. ದನಕ್ಕೆ ಈ ವೈರಸ್ ತಗಲಬಹುದು, ರಕ್ತದಲ್ಲಿ ಪ್ರತಿಕಾಯವೂ ಕಾಣಿಸಬಹುದು. ಆದರೆ ಹಸು ಕಾಯಿಲೆ ಬೀಳುವುದಿಲ್ಲ, ಉಣುಗಿಗೆ ದಾಟಿಸುವಷ್ಟು ವೈರಸ್ಸೂ ಅದರ ರಕ್ತದಲ್ಲಿ ಬೆಳೆಯುವುದಿಲ್ಲ. ಹಾಲಿನಿಂದ ಹರಡಿದ್ದಕ್ಕೆ ಆಧಾರವಿಲ್ಲ. ಕಾಯಿಸಿ ಕುಡಿಯಿರಿ, ಅದು ಬೇರೆ ಹತ್ತು ಕಾರಣಕ್ಕೂ ಒಳ್ಳೆಯದು. ಆದರೆ ದನಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡಲಾಗದು. ಅದು ವೈರಸ್ ಬೆಳೆಸುವುದಿಲ್ಲ, ಉಣುಗನ್ನು ಬೆಳೆಸುತ್ತದೆ. ಮಳೆಗಾಲದಲ್ಲಿ ಬೆಟ್ಟಕ್ಕೆ ಮೇಯಲು ಬಿಟ್ಟ ದನ ಬೆಳೆದ ಉಣುಗಿಗೆ ಊಟ ಹಾಕಿ, ಬರುವ ಬೇಸಿಗೆಯ ಎಳೆ ಉಣುಗಿಗೆ ಬಿತ್ತನೆ ಮಾಡಿಕೊಡುತ್ತದೆ.

ಹಾಗಾಗಿ ಜನವರಿಯಲ್ಲಿ ಗಾಬರಿಯಾಗಿ ದನಕ್ಕೆ ಔಷಧ ಹೊಡೆದು ಜೂನಿನಲ್ಲಿ ಮರೆತುಬಿಡುವುದು ಅರ್ಧ ಕೆಲಸ. ಈಗ ನಿಮ್ಮ ದನದ ಕೆಚ್ಚಲು, ಗಂಗೆದೊಗಲಿನ ಮೇಲೆ ಬಟಾಣಿಯಷ್ಟು ಊದಿಕೊಂಡು ಬೂದು ಬಣ್ಣದಲ್ಲಿ ಕಾಣುವುದು ಬಹುಪಾಲು ಬೇರೆ ಜಾತಿ, ಮರಿಯಾಗಿ ಹತ್ತಿ ಬೆಳೆದು ದೊಡ್ಡದಾಗುವವರೆಗೆ ಒಂದೇ ದನದ ಮೇಲೆ ಕಳೆಯುವ ಸಾಮಾನ್ಯ ದನದ ಉಣುಗು. ಅದು ದನಕ್ಕೆ ಕೆಟ್ಟದ್ದು, ಬೇರೆ ಜ್ವರಗಳನ್ನು ತರುತ್ತದೆ. ಮಂಗನ ಕಾಯಿಲೆಯ ಮುಖ್ಯ ಪಾತ್ರಧಾರಿ ಅದಲ್ಲ. ಎರಡಕ್ಕೂ ಔಷಧ ಒಂದೇ. ಬೆನ್ನಿನ ಮೇಲೆ ಸುರಿಯುವ ಶೇಕಡಾ 1ರ ಫ್ಲುಮೆಥ್ರಿನ್ ಆದರೆ 10 ಕೆಜಿ ತೂಕಕ್ಕೆ 1 ಮಿಲಿ: ನೂರು ಕೆಜಿಯ ಮಲೆನಾಡು ಗಿಡ್ಡಕ್ಕೆ 10 ಮಿಲಿ, ಮುನ್ನೂರು ಕೆಜಿಯ ಜರ್ಸಿ ಮಿಶ್ರತಳಿಗೆ 30 ಮಿಲಿ. ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನುಹುರಿಯ ಮೇಲೆ ಒಂದೇ ಗೆರೆಯಲ್ಲಿ ಬಿಡಬೇಕು, ಮೈ ಒಣಗಿರಬೇಕು. ಮಳೆಯಲ್ಲಿ ತೊಯ್ದು ಬಂದ ದನಕ್ಕೆ ಹಾಗೇ ಸುರಿದರೆ ಔಷಧ ನೀರಿನ ಜೊತೆ ಇಳಿದುಹೋಗುತ್ತದೆ, ಆಮೇಲೆ ‘ಔಷಧ ನಾಟಲಿಲ್ಲ’ ಎಂಬ ದೂರು. ಶೇಕಡಾ 1.25ರ ಡೆಲ್ಟಾಮೆಥ್ರಿನ್ ಸಿಂಪಡಿಸುವುದಾದರೆ ಲೀಟರ್ ನೀರಿಗೆ 2 ಮಿಲಿ. ಕಿವಿಯ ಒಳಮಗ್ಗುಲು, ಬಾಲದಡಿ, ತೊಡೆಸಂದು ಬಿಟ್ಟುಹೋಗದಂತೆ ಕೈಗವಸು ಹಾಕಿ ಒರೆಸಿ. ಹೆಚ್ಚು ಹಾಕಿದರೆ ಹೆಚ್ಚು ಸಾಯುತ್ತದೆ ಎಂದು ದುಪ್ಪಟ್ಟು ಕಲಸುವವರಿದ್ದಾರೆ. ದನ ಮೈ ನೆಕ್ಕಿ ಜೊಲ್ಲು ಸುರಿಸಿ ನಡುಗುವುದನ್ನು ಆಗ ನೋಡಬೇಕಾಗುತ್ತದೆ. ಉಳಿದ ನೀರನ್ನೂ ಪಂಪು ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬೇಡಿ, ಮೀನು ಸಿಗಡಿ ಒಂದೂ ಉಳಿಯದು. ತೋಟದಲ್ಲಿ ಜೇನುಪೆಟ್ಟಿಗೆ ಇದ್ದರೆ ಅದರ ಹತ್ತಿರ ಸಿಂಪಡಿಸಲೇಬೇಡಿ. ಹಾಲು ಕರೆಯುವ ಹಸುವಿಗೆ ಐವರ್‌ಮೆಕ್ಟಿನ್ ಚುಚ್ಚಿಸಬೇಡಿ, ಅದು ಹಾಲಿಗೆ ಇಳಿಯುತ್ತದೆ. ಬೇರೆ ಔಷಧ ಹಾಕಿದ ಮೇಲೂ ಎಷ್ಟು ದಿನದ ಹಾಲು ಬಿಡಬೇಕು ಎಂಬುದನ್ನು ಪಶುವೈದ್ಯರನ್ನು ಕೇಳಿ. ಮುಂದಿನ ಸುತ್ತನ್ನು ಮಳೆ ಶುರುವಾಗುವ ಹೊತ್ತಿಗೆ ಇಟ್ಟುಕೊಳ್ಳಿ. ದನದ ಜೊತೆ ಬೆಟ್ಟಕ್ಕೆ ಹೋಗಿ ಬಂದು ಜಗಲಿಯ ಮೇಲೆ ಮಲಗುವ ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ದರಕು ಇಲ್ಲದೆ ಕೊಟ್ಟಿಗೆಯೂ ಇಲ್ಲ, ತೋಟಕ್ಕೆ ಗೊಬ್ಬರವೂ ಇಲ್ಲ ಎನ್ನುವುದು ಗೊತ್ತಿದ್ದೇ ಈ ಮಾತು. ಈ ವರ್ಷ ಹಾಸಿಗೆ ಭತ್ತದ ಹುಲ್ಲು, ಕತ್ತರಿಸಿದ ಅಡಿಕೆ ಸೋಗೆ, ಗಿರಣಿಯ ಮರದ ಹೊಟ್ಟು, ಏನು ಸಿಗುತ್ತದೋ ಅದರಿಂದ ಸುಧಾರಿಸಿ. ಈಗಾಗಲೇ ತಂದು ಹಾಕಿದ ದರಕು ಅಂಗಳದ ಮೂಲೆಯಲ್ಲಿದ್ದರೆ ಮಕ್ಕಳನ್ನು ಅದರ ಮೇಲೆ ಆಡಲು ಬಿಡಬೇಡಿ. ಉದ್ದ ಹಿಡಿಕೆಯ ಸಲಕರಣೆಯಿಂದ ಮನೆಯಿಂದ ದೂರ, ಬಿಸಿಲು ಬೀಳುವ ಗಟ್ಟಿ ನೆಲದಲ್ಲಿ ತೆಳ್ಳಗೆ ಹರವಿ. ಉಣುಗು ಹಸಿವನ್ನು ತಿಂಗಳುಗಟ್ಟಲೆ ತಾಳುತ್ತದೆ, ಒಣ ಬಿಸಿಲನ್ನು ತಾಳುವುದು ಕಷ್ಟ. ಬೆಟ್ಟಕ್ಕೆ ಬೆಂಕಿ ಹಾಕುವ ಯೋಚನೆ ಮಾತ್ರ ಬೇಡ. ಮನೆಯಿಂದ ತೋಟಕ್ಕೆ, ಶಾಲೆಗೆ ಹೋಗುವ ಕಾಲುದಾರಿಯ ಎರಡೂ ಬದಿ ಒಂದು ಮೀಟರ್ ತರಗೆಲೆ ತೆಗೆದು ನೆಲ ಕಾಣುವಂತೆ ಇಟ್ಟರೆ ಉಣುಗು ಹತ್ತುವುದು ಎಷ್ಟೋ ತಪ್ಪುತ್ತದೆ.

ಕಾಯಿಲೆಯ ಸುದ್ದಿ ಇಲ್ಲದ ಬೆಟ್ಟಕ್ಕೆ ಹೋಗಲೇಬೇಕಾದ ದಿನ ಪಂಚೆ, ಲುಂಗಿ, ಸೀರೆ ಎತ್ತಿ ಕಟ್ಟಿಕೊಂಡು ಹೋಗಬಾರದು. ತಿಳಿಬಣ್ಣದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ, ಮೇಲೆ ಗಂಬೂಟು, ತುಂಬುತೋಳಿನ ಅಂಗಿ ಪ್ಯಾಂಟಿನೊಳಗೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಹೊರಡುವ ಮುನ್ನ ಪಾದ, ಕಾಲು, ಕೈ, ಕತ್ತಿಗೆ ಹಚ್ಚಿ. ಕಣ್ಣು ಬಾಯಿಯ ಹತ್ತಿರವೂ ಗಾಯದ ಮೇಲೂ ಬೇಡ. ಅದು ಉಣುಗನ್ನು ಕೊಲ್ಲುವ ಔಷಧವಲ್ಲ, ದೂರ ಇಡುವ ಎಣ್ಣೆ, ಕೆಲವು ಗಂಟೆಯ ಮಾತು. ಬೆವರಿದರೆ ಮತ್ತೆ ಹಚ್ಚಬೇಕು. ‘ಎಣ್ಣೆ ಹಚ್ಚಿದ್ದೇನೆ’ ಎಂದು ತರಗೆಲೆಯ ಮೇಲೆ ಕೂತು ಎಲೆ ಅಡಿಕೆ ಹಾಕಿದರೆ ಅದು ಕಾಯುವುದಿಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ನೇರ ಬಿಸಿನೀರಿಗೆ, ಗಿಳಿಗೂಟದಲ್ಲಿ ನೇತುಹಾಕುವುದು ಬೇಡ. ಬಿಸಿನೀರಿನಲ್ಲಿ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ. ಆಮೇಲೆ ಬೆಳಕಿನಲ್ಲಿ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಸೊಂಟದ ಸುತ್ತು, ಕಿವಿಯ ಹಿಂದೆ, ಕೂದಲಿನ ಬುಡ ನೋಡಿಕೊಳ್ಳಿ.

ಉಣುಗು ಕಚ್ಚಿ ಹಿಡಿದಿದ್ದರೆ ಸೀಮೆಎಣ್ಣೆ, ಸುಣ್ಣ, ಬೀಡಿಯ ಕೆಂಡ ಯಾವುದೂ ಬೇಡ. ಕಾಟ ಕೊಟ್ಟರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ಚೂಪು ತುದಿಯ ಚಿಮಟದಿಂದ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿದ ತಲೆಯ ಭಾಗವನ್ನು ಹಿಡಿದು, ತಿರುಚದೆ, ನೇರ ಮೇಲಕ್ಕೆ, ಒಂದೇ ಸಮ ಎಳೆಯಿರಿ. ಚರ್ಮ ಸ್ವಲ್ಪ ಗೋಪುರದಂತೆ ಏಳುತ್ತದೆ, ಬಿಡದೆ ಹಿಡಿದಿದ್ದರೆ ಅದು ತಾನಾಗಿ ಸಡಿಲುತ್ತದೆ. ಉಗುರಿನ ಮೇಲಿಟ್ಟು ಚಟ್ ಎನ್ನಿಸುವ ಅಭ್ಯಾಸ ಬಿಡಿ. ಸೋಪಿನ ನೀರಿಗೋ ಸ್ಪಿರಿಟಿಗೋ ಹಾಕಿ, ಕಚ್ಚಿದ ಜಾಗ ತೊಳೆದು, ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕಿ.

ಆ ತಾರೀಕಿನಿಂದ ಮೂರರಿಂದ ಎಂಟು ದಿನದಲ್ಲಿ ಜ್ವರ ಬರಬಹುದು. ನೆಗಡಿಯಿಲ್ಲ, ಮುನ್ಸೂಚನೆಯಿಲ್ಲ, ಚಳಿ ಹತ್ತಿ ಒಮ್ಮೆಲೇ ಜ್ವರ ಏರುತ್ತದೆ. ಹಣೆ ಸಿಡಿಯುವ ತಲೆನೋವು, ಕತ್ತು, ಸೊಂಟ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಕೆಲವರಿಗೆ ಒಸಡಿನಿಂದ, ಮೂಗಿನಿಂದ, ಮಲದಲ್ಲಿ ರಕ್ತ. ಪ್ಲೇಟ್‌ಲೆಟ್ಟೂ ಬಿಳಿ ರಕ್ತಕಣವೂ ಇಳಿಯುವುದರಿಂದ ಇದನ್ನು ಡೆಂಗಿ ಎಂದು ತಿಳಿಯುವುದು ಸುಲಭ. ಇಲಿಜ್ವರ, ಸ್ಕ್ರಬ್ ಟೈಫಸ್ ಕೂಡ ನಿಮ್ಮ ಕಡೆ ಇವೆ, ಅವಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ. ಹಾಗಾಗಿ ಊಹೆಯ ಮೇಲೆ ಹೋಗದೆ ಪರೀಕ್ಷೆ ಆಗಬೇಕು. ವೈದ್ಯರು ಕೇಳದಿದ್ದರೂ ‘ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು’ ಎಂಬ ಒಂದು ವಾಕ್ಯವನ್ನು ನೀವೇ ಹೇಳಿ. ಮೊದಲ ದಿನಗಳ ರಕ್ತದಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹಿಡಿಯುತ್ತದೆ. ವಾರ ತಡವಾದರೆ ವೈರಸ್ ಇಳಿದು, ಐಜಿಎಂ ಪ್ರತಿಕಾಯ ಹುಡುಕಬೇಕಾಗುತ್ತದೆ. ಪ್ರಯೋಗಾಲಯದವರಿಗೇ ಸೋಂಕು ತಗಲಿಸಿದ ವೈರಸ್ ಇದು, ಎಲ್ಲ ಲ್ಯಾಬ್‌ಗಳಲ್ಲೂ ಇದನ್ನು ಮಾಡುವುದಿಲ್ಲ. ಮಾದರಿ ಶಿವಮೊಗ್ಗಕ್ಕೋ ಪುಣೆಗೋ ಹೋಗುತ್ತದೆ. ಅದಕ್ಕೇ ಖಾಸಗಿ ಕ್ಲಿನಿಕ್ಕಿನಲ್ಲಿ ಮೂರು ದಿನ ಕಳೆಯದೆ ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಲೇಸು.

ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ನೀರಿನಂಶ ಕಾಪಾಡುವುದು, ರಕ್ತದೊತ್ತಡ ನೋಡುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು, ಇಷ್ಟನ್ನು ಸಮಯಕ್ಕೆ ಮಾಡಿದರೆ ಬಹುಪಾಲು ಜನ ಉಳಿಯುತ್ತಾರೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ತಡೆಯದೆ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುವುದು, ಬ್ರೂಫೆನ್ ಅಥವಾ ಆಸ್ಪಿರಿನ್ ನುಂಗುವುದು ರಕ್ತಸ್ರಾವವನ್ನು ಕರೆದಂತೆ. ಜ್ವರ ಬಿಟ್ಟ ಮೇಲೂ ಹುಷಾರು: ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರ ಸುಮ್ಮನಿದ್ದು ಮತ್ತೆ ಜ್ವರ ಬರುತ್ತದೆ. ಈ ಎರಡನೇ ಸಲ ಅದು ಮಿದುಳಿಗೆ ಏರುತ್ತದೆ: ತಲೆನೋವು, ಕತ್ತು ಬಿಗಿತ, ಕೈನಡುಕ, ತೊದಲು ಮಾತು, ಮಂಪರು, ಮಸುಕು ದೃಷ್ಟಿ. ‘ವಾಸಿಯಾಗಿದೆ’ ಎಂದು ಹತ್ತನೇ ದಿನಕ್ಕೆ ಅಡಿಕೆ ಕೊಯ್ಲಿಗೆ ಇಳಿದವರ ಬಗ್ಗೆ ಮನೆಯವರು ನಿಗಾ ಇಡಬೇಕಾದ್ದು ಇದಕ್ಕೆ. ಹೀಗಾದರೆ 108ಕ್ಕೆ ಕರೆಮಾಡಿ, ದೊಡ್ಡ ಆಸ್ಪತ್ರೆಗೆ ಸೇರಿಸಿ. ರೋಗಿಯನ್ನು ಮುಟ್ಟಿದರೆ, ಒಂದೇ ಕೋಣೆಯಲ್ಲಿ ಮಲಗಿದರೆ ಇದು ಅಂಟುವುದಿಲ್ಲ, ಆರೈಕೆ ಮಾಡುವವರನ್ನು ದೂರ ಇಡಬೇಡಿ.

ಅಮ್ಮನ ಚುಚ್ಚುಮದ್ದಿನ ಮೇಲೆ ಭರವಸೆ ಬೇಡ. ಆ ಲಸಿಕೆಯ ಕ್ರಮ ಹೀಗಿತ್ತು: ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿವರ್ಷ ಒಂದೊಂದು. ಚುಚ್ಚಿದ ಜಾಗ ತುಂಬ ನೋಯುತ್ತಿತ್ತು, ಹಾಗಾಗಿ ಎಷ್ಟೋ ಜನ ಎರಡಕ್ಕೇ ಕೈಬಿಟ್ಟರು. 2005ರಿಂದ 2010ರ ಅಂಕಿಅಂಶ ನೋಡಿ ಮಾಡಿದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು ಕಂಡಿತ್ತು. ಅದೂ ಹೊಸದಾಗಿ ಹಾಕಿಸಿಕೊಂಡಾಗಿನ ಲೆಕ್ಕ. 2022ರಿಂದ ಆ ಲಸಿಕೆ ಕೊಡುತ್ತಿಲ್ಲ, ಹೊಸದರ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೆಲಸ ಮಾಡುತ್ತಿದೆ. ಈಗಿನ ಮಟ್ಟಿಗೆ ಅಮ್ಮನನ್ನು ಲಸಿಕೆ ಆಗದವರಂತೆಯೇ ನೋಡಿಕೊಳ್ಳಿ. ಕೊಟ್ಟಿಗೆ ಕೆಲಸ ಅವರದಾದರೆ ದರಕು ಹಾಸುವುದನ್ನಾದರೂ ಅವರ ಕೈಯಿಂದ ತಪ್ಪಿಸಿ.

ನೀವು ಕೇಳದ ಒಂದು ಮಾತು. ಬಾಳೆ, ಸಿಂಗಾರ, ಎಳೆ ಅಡಿಕೆ ಹಾಳುಮಾಡುವ ಮಂಗಗಳನ್ನು ಬೋನಿನಲ್ಲಿ ಹಿಡಿಸಿ ದೂರದ ಕಾಡಿಗೆ ಬಿಟ್ಟು ಬರುವುದು ನಿಮ್ಮ ಕಡೆ ನಡೆಯುತ್ತದೆ. ಈ ತಿಂಗಳುಗಳಲ್ಲಿ ಅದನ್ನು ಮಾಡಬೇಡಿ, ಮಾಡುವವರನ್ನೂ ತಡೆಯಿರಿ. ರಕ್ತದಲ್ಲಿ ವೈರಸ್ ಇರುವ ಒಂದು ಮಂಗ, ಅದರ ಮೈಮೇಲಿನ ಐವತ್ತು ಉಣುಗು, ಇವನ್ನು ಜೀಪಿನಲ್ಲಿ ಹೇರಿಕೊಂಡು ಹೋಗಿ ಕಾಯಿಲೆ ಇಲ್ಲದ ಬೆಟ್ಟಕ್ಕೆ ಇಳಿಸಿದರೆ, ಅಲ್ಲಿ ದರಕು ಗುಡಿಸುವವರಿಗೆ ಮುಂದಿನ ವರ್ಷ ಯಾವ ಸುಳಿವೂ ಇರುವುದಿಲ್ಲ.